ದೊಡ್ಡವ್ವನ ರಿವಾಜು ತಪಾಸಣೆ

ನಮ್ಮ ದೊಡ್ಡವ್ವ ನಲವತ್ತೈದು ವರ್ಷಗಳಿಂದ ಪರದೇಶದಲ್ಲಿದ್ದಾಳೆ. ಪಾಸ್‌ಪೋರ್ಟಿಲ್ಲ, ವೀಸಾ ಇಲ್ಲ, ಹಿಡಿದು ವಾಪಸು ಕಳಿಸುವವರೂ ಇಲ್ಲ! ಆ ಪರದೇಶದ ಹೆಸರು ಮಟಕಿ, ಆಳಂದ ತಾಲ್ಲೂಕು. ಅವಳ ಸ್ವದೇಶ ಅಫಜಲಪುರ ತಾಲ್ಲೂಕಿನ ಗೊಬ್ಬೂರ. ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ಆದರೂ ಅಪ್ಪನ ಅಣ್ಣನನ್ನು ಮದುವೆಯಾಗಿ ಬಂದ ಈ ಹೆಂಗಸು ಇವತ್ತಿಗೂ ನಮ್ಮನ್ನೆಲ್ಲ ‘ಈ ಮುಲ್ಕಿನ ಮಂದಿ’, ಅಂದರೆ ಈ ದೇಶದವರು, ಎನ್ನುತ್ತಾಳೆ. ಹೆತ್ತ ಮಕ್ಕಳಿಗೂ ವಿನಾಯಿತಿಯಿಲ್ಲ! ಇಂಥವಳ ಒಪ್ಪಿಗೆಯ ಮೇಲೆ ನನ್ನ ಲಗ್ನ ನಿಂತಿತ್ತು ಎಂದರೆ ನನ್ನ ಪಾಡು ನೀವೇ ಊಹಿಸಿ.

ನಾನು ಚಿಕ್ಕವಳಿದ್ದಾಗ, ಎಳ್ಳ ಅಮಾವಾಸ್ಯೆಯ ದಿನ ಎಲ್ಲರೂ ಹೊಲದಲ್ಲಿ ಚರಗ ಚೆಲ್ಲಿ ಭೂಮಿಗೆ ಉಣಿಸುತ್ತಿದ್ದರೆ, ಅವಳು ಬದುವಿನ ಮೇಲೆ ನಿಂತು ತಪಾಸಣೆ ಮಾಡುತ್ತಿದ್ದಳು.

"ನೋಡಬೇ, ಈ ಮುಲ್ಕಿನ ಮಂದಿ ಬಾವಿಯಿಂದ ಸುರು ಮಾಡ್ತಾರ. ನಮ್ಮ ಕಡಿ ಮೂಡಣ ಬದುವಿನಿಂದ."

"ಯಾವುದು ಬರಾಬರ್, ದೊಡ್ಡವ್ವಾ?"

"ಬರಾಬರ್ ಯಾಕ ಬೇಕು? ಬ್ಯಾರೆ ಅದ, ಅಷ್ಟ!"

ಮುಂದೆ ನಾನು ಮಾನವಶಾಸ್ತ್ರ ಓದಲು ಹೋದಾಗ ಇದೇ ಮಾತನ್ನು ಎರಡು ವರ್ಷ ಹಿಡಿದು ಕಲಿಸಿದರು. ಫೀಸು ಬೇರೆ!

ಮೊಹರಂ ಬಂದರೆ ಚೊಂಗೆ ಎಂಬ ಸಿಹಿರೊಟ್ಟಿ ಮಾಡಿಕೊಂಡು ಅಲಾಯಿ ದೇವರಿಗೆ ಒಯ್ಯುತ್ತಿದ್ದಳು. ಒಮ್ಮೆ ಅಲ್ಲಿಯ ಮುಲ್ಲಾ ಸಾಹೇಬರನ್ನೇ ತಡೆದು ನಿಲ್ಲಿಸಿದಳು. "ದೇವರು ಹತ್ತು ದಿನ ಕುಂಡ್ರತಾರ, ಖರೆ. ಉಳಿದ ವರ್ಷ ಎಲ್ಲಿರ್ತಾರ್ರಿ?"

"ಸಂದೂಕದಾಗವ್ವಾ."

ದೊಡ್ಡವ್ವ ತನ್ನ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಟ್ಟಿ ನೋಡಿಕೊಂಡಳು. "ನಮ್ಮವ್ರೂ ಡಬ್ಬಿಯೊಳಗ ಅದಾರ್ರಿ. ನಿಮ್ಮವ್ರಿಗೆ ಜರಾ ಜಾಗಾ ಜಾಸ್ತಿ!" ಮುಲ್ಲಾ ಸಾಹೇಬರು ನಗು ತಡೆಯಲಾರದೆ ಕಟ್ಟೆಯ ಮೇಲೆ ಕುಳಿತೇಬಿಟ್ಟರು.

ರಾಜಕಾರಣಿಗಳಿಗಂತೂ ನಮ್ಮ ಅಂಗಳವೆಂದರೆ ಭಯ. ಕಳೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಬಂದು ಕೈಮುಗಿದ. "ಯವ್ವಾ, ಜಾತಿ ಗೀತಿ ಏನಿಲ್ರಿ. ನಾವೂ ನೀವೂ ಎಲ್ಲಾ ಒಂದ!"

"ಎಲ್ಲಾ ಒಂದ ಇದ್ರ ಆ ಇನ್ನೊಂದು ಪಾರ್ಟಿಯವನ ಎದುರು ನೀ ಯಾಕ ನಿಂತೀಯಲೇ? ಬ್ಯಾರೆ ಇದ್ದಿ ಅಂತ ಓಟ್ ಕೇಳಾಕ ಬಂದಿ. ಏನು ಬ್ಯಾರೆ, ಅದನ್ನ ಹೇಳು. ಚಹಾ ಕೊಡ್ತೇನಿ."

ಚಹಾ ಒಲೆಯ ಮೇಲೆಯೇ ಉಳಿಯಿತು. ಅವನು ಪಕ್ಕದ ಓಣಿಗೆ ಹೋಗಿಯಾಗಿತ್ತು!

ಇನ್ನು ನನ್ನ ವಿಷಯ. ನಾನು ಒಪ್ಪಿದ ಹುಡುಗ ಜೇವರ್ಗಿಯವನು. ಹೇಗೆ, ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ತೊಡಕು ಇಷ್ಟೇ: ಅವರ ಮನೆಯಲ್ಲಿ ಲಿಂಗ ಕಟ್ಟುವುದಿಲ್ಲ. ಸತ್ತವರನ್ನು ಅವರು ಸುಡುತ್ತಾರೆ, ನಾವು ಕೂರಿಸಿ ಮಣ್ಣು ಮಾಡುತ್ತೇವೆ. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತಮ್ಮ ಅತ್ತಿಗೆಯ, ಅಂದರೆ ದೊಡ್ಡವ್ವನ, ಕಡೆ ಕೈ ತೋರಿಸಿದರು. "ವೈನಿ ಹೋಗಿ ನೋಡ್ಲಿ. ಅಲ್ಲಿ ಉಂಡು ಬಂದ್ರಂದ್ರ ಆಯ್ತು. ಉಣದ ಎದ್ದು ಬಂದ್ರಂದ್ರ ಈ ಮಾತು ಮತ್ತ ತಗೀಬ್ಯಾಡ."

ದೊಡ್ಡವ್ವ ನನ್ನನ್ನೂ ಹೊರಡಿಸಿದಳು. ಜೇವರ್ಗಿಯಲ್ಲಿ ಹುಡುಗನ ಮನೆಯ ಪಡಸಾಲೆಯಲ್ಲಿ ಅವನ ತಾಯಿಯ ಎದುರು ಕುಳಿತದ್ದೇ ತಡ, ವಿಚಾರಣೆ ಸುರುವಾಯಿತು.

"ಸುಟ್ಟ ಮ್ಯಾಲ ಬೂದಿ ಎಲ್ಲಿ ಬಿಡ್ತೀರಿ?"

"ಭೀಮಾ ಹೊಳ್ಯಾಗ್ರಿ."

"ಸತ್ತವ್ರಿಗೆ ಎಡಿ ಇಡಾಕ ನಮಗ ಗದ್ದಿಗಿ ಇರ್ತದ. ನೀವು ಎಲ್ಲಿ ಇಡ್ತೀರಿ?"

"ಮನ್ಯಾಗ, ಫೋಟೋದ ಮುಂದ್ರಿ."

"ಫೋಟೋ ತಗಸದ ಸತ್ತವ್ರು?"

ಆ ತಾಯಿ ಬೆವರು ಒರೆಸಿಕೊಂಡರು. "ಅವರು ದಾರಿ ಕೇಳ್ಕೊಂತ ಬರ್ತಾರ್ರಿ, ನಿಮ್ಮಂಗ!"

ನಾನು ಗೋಡೆಗೆ ಒರಗಿ ಪ್ರಶ್ನೆಗಳನ್ನು ಎಣಿಸುತ್ತಿದ್ದೆ. ಹತ್ತೊಂಬತ್ತಕ್ಕೆ ಬಿಟ್ಟೆ. ಒಳಗೆ ರೊಟ್ಟಿ ಆರುತ್ತಿತ್ತು, ಊಟದ ಮಾತೇ ಇಲ್ಲ. ಆಗ ಹುಡುಗನ ತಾಯಿ ಮೆಲ್ಲಗೆ ಅಂದರು. "ಅಕ್ಕಾರ, ನಾ ಒಂದು ಕೇಳ್ಲೇನ್ರಿ? ನೀವು ಗೊಬ್ಬೂರಿಂದ ಮಟಕಿಗಿ ಬಂದಾಗ ನಿಮಗ ಏನು ತ್ರಾಸ ಆತ್ರಿ? ಹೇಳಿದ್ರ, ಈ ಹುಡುಗಿಗಿ ನಾ ಹಂಗ ಆಗಗೊಡೋದಿಲ್ಲ."

ನಲವತ್ತೈದು ವರ್ಷಗಳಲ್ಲಿ ದೊಡ್ಡವ್ವನನ್ನು ನಮ್ಮಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಜನರನ್ನು ಕೇಳುವುದರಲ್ಲೇ ಪದವಿ ಪಡೆದ ನಾನೂ ಕೇಳಿರಲಿಲ್ಲ.

"ನಮ್ಮ ಕಡಿ ಹೊಸ ಸೊಸೀಗಿ ಅತ್ತಿ ಕೈ ಹಿಡದು ಊಟಕ್ಕ ಕರೀತಾಳ್ರಿ," ಅಂದಳು. ದನಿ ಬಹಳ ಸಣ್ಣದಾಗಿತ್ತು. "ಮಟಕ್ಯಾಗ ಸೊಸಿ ತಾನ ಎದ್ದು ಬಡಿಸ್ಕೋಬೇಕು. ಅದು ಅಲ್ಲಿಯ ರಿವಾಜು. ನನಗೇನು ಗೊತ್ತು? ಕರೀತಾರಂತ ನಾ ಕುಂತೆ. ಬರ್ತಾಳಂತ ಅವರು ಕುಂತ್ರು. ಎರಡು ದಿನ ಬರೇ ನೀರು ಕುಡದೆ. ಸೊಕ್ಕಿನಾಕಿ ಅಂದ್ರು. ಮೂರನೇ ದಿನ ನಾನ ಬಾಯಿ ಬಿಟ್ಟು ಕೇಳಿದೆ, ನಿಮ್ಮ ಕಡಿ ಹ್ಯಾಂಗದ ಅಂತ. ಅವತ್ತಿಂದ ಕೇಳಾಕತ್ತೇನಿ."

ಹುಡುಗನ ತಾಯಿ ಎದ್ದು ಬಂದು ದೊಡ್ಡವ್ವನ ಕೈ ಹಿಡಿದರು.

"ಬರ್ರಿ ಅಕ್ಕಾ, ಉಣ್ಣ ಬರ್ರಿ."

ದೊಡ್ಡವ್ವ ಇನ್ನೊಂದು ಕೈಯಿಂದ ಸೆರಗೆಳೆದು ಮುಖ ಒರೆಸಿಕೊಂಡಳು. ಹಿಡಿದ ಕೈ ಬಿಡಿಸಿಕೊಳ್ಳಲಿಲ್ಲ. ಒಳಗೆ ಹಾಸಿದ್ದ ಚಾಪೆಯ ಮೇಲೆ, ತಮ್ಮಿಬ್ಬರ ನಡುವೆ ನನಗೆ ಜಾಗ ಬಿಟ್ಟು, ಕುಳಿತಳು.