ಮಗ್ಗ ನಿಂತಾಗ ಕೇಳಿದ ಹಿಂದಿ

ಇವತ್ತು ಹನ್ನೊಂದಕ್ಕೆ ಇನ್‌ಸ್ಪೆಕ್ಟರು ಬರುತ್ತಾರೆ, ಹಿಂದಿ ಪಾಠ ಕೇಳುತ್ತಾರಂತೆ ಎಂದು ಹೆಡ್‌ಮಾಸ್ತರು ವೆಂಕಟರಮಣಪ್ಪ ಬೆಳಿಗ್ಗೆ ಮನೆ ಬಾಗಿಲಿಗೇ ಬಂದು ಹೇಳಿದಾಗ, ಕೋದಂಡರಾಮಯ್ಯನವರು ಕೈಗೆತ್ತಿಕೊಂಡಿದ್ದ ಇಡ್ಲಿಯನ್ನು ತಟ್ಟೆಗೇ ವಾಪಸು ಇಟ್ಟರು. ಪಾಠ ನೋಡುತ್ತಾರೆ ಎಂದಿದ್ದರೆ ಅವರು ಹೆದರುತ್ತಿರಲಿಲ್ಲ. ಕೇಳುತ್ತಾರೆ ಎಂದದ್ದೇ ತೊಂದರೆಯಾಯಿತು.

ಕೋದಂಡರಾಮಯ್ಯ ದೊಡ್ಡಬಳ್ಳಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಆರು ವರ್ಷದಿಂದ ಹಂಗಾಮಿ ಹಿಂದಿ ಪಂಡಿತರು. ವ್ಯಾಕರಣದಲ್ಲಿ ಅವರನ್ನು ಮೀರಿಸುವವರು ಬೆಂಗಳೂರಿನಲ್ಲೂ ಕಡಿಮೆ. ಹಿಂದಿಯಲ್ಲಿ ಮೀಸೆ ಏಕೆ ಸ್ತ್ರೀಲಿಂಗ ಎನ್ನುವುದನ್ನು ಗಂಟೆಗಟ್ಟಲೆ ವಿವರಿಸಬಲ್ಲರು. ಊರಿನ ಸೀರೆ ವ್ಯಾಪಾರಿಗಳು ಉತ್ತರದ ಸೇಟುಗಳಿಗೆ ಬರೆಸುವ ಕಾಗದವೆಲ್ಲ ಅವರ ಕೈಯವೇ. ಆದರೆ ಅಷ್ಟೂ ವಿದ್ಯೆ ಅಂಚೆ ಪಾಠಗಳಲ್ಲಿ ಬಂದದ್ದು. ಹಿಂದಿ ಅವರ ಕಣ್ಣಿನಿಂದ ಒಳಗೆ ಹೋಗಿ ಕೈಯಿಂದ ಹೊರಗೆ ಬರುತ್ತಿತ್ತು. ಬಾಯಿಗೆ ಬಂದರೆ ಮಾತ್ರ ರಾಗಿಮುದ್ದೆಯಂತೆ ಉರುಳುತ್ತಿತ್ತು. ರೇಡಿಯೊ ವಾರ್ತೆ ಕೇಳಿ ಕೇಳಿ ತಮ್ಮ ತಪ್ಪು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು, ಆದರೆ ನಾಲಿಗೆ ಅವರ ಮಾತು ಕೇಳಬೇಕಲ್ಲ. ಇಷ್ಟು ಚೆಂದದ ಕಾಗದ ಬರೆಯುವ ಮಹನೀಯರನ್ನು ನೋಡಲೇಬೇಕೆಂದು ಒಮ್ಮೆ ಒಬ್ಬ ಸೇಟು ಬಂದಿದ್ದ. ಇವರ ಮಾತನ್ನು ಐದು ನಿಮಿಷ ಕೇಳಿ, ಕೈಮುಗಿದು, ಜೇಬಿನಿಂದ ಪೆನ್ನು ತೆಗೆದು ಕೊಟ್ಟಿದ್ದ.

ಇಷ್ಟು ವರ್ಷ ಅವರ ಮಾನ ಕಾಪಾಡಿದ್ದು ಬಚ್ಚಪ್ಪನ ಮಗ್ಗದ ಮನೆ. ಹಿಂದಿ ಕ್ಲಾಸಿಗೂ ಅದಕ್ಕೂ ಒಂದೇ ಗೋಡೆ. ಕರೆಂಟು ಮಗ್ಗಗಳು ಶುರುವಾದವೆಂದರೆ ಈ ಕಡೆ ಯಾರು ಏನು ಹೇಳಿದರೂ ಒಂದೇ. ಕೋದಂಡರಾಮಯ್ಯ ತುಟಿ ಅಲ್ಲಾಡಿಸುತ್ತಾ ಬೋರ್ಡಿನ ಮೇಲೆ ಬರೆಯುವರು, ಮಕ್ಕಳು ನೋಡಿ ಬರೆದುಕೊಳ್ಳುವರು. ಪರೀಕ್ಷೆಯಲ್ಲಿ ಒಬ್ಬರೂ ಫೇಲಾಗಿರಲಿಲ್ಲ.

ಈ ಇನ್‌ಸ್ಪೆಕ್ಟರು ಆದಿನಾರಾಯಣಪ್ಪನವರು ಉಚ್ಚಾರಣೆಯಲ್ಲಿ ಬಹಳ ಕಟ್ಟುನಿಟ್ಟು ಎಂದು ಸುದ್ದಿಯಿತ್ತು. ಅವರು ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಜೂನ್ ತಿಂಗಳಿಗೆ ಬೇರೆ ಪಂಡಿತರು ಬರುತ್ತಾರೆ. ಭಾಷಾಪಂಡಿತನಿಗೆ ಉಚ್ಚಾರಣೆ ಬೇಕೇ ಬೇಕೇನು ಎಂದು ಕೋದಂಡರಾಮಯ್ಯ ಕೇಳಿದ್ದಕ್ಕೆ, ಈಜು ಕಲಿಸುವವನು ಒಂದು ಸಲವಾದರೂ ನೀರಿಗೆ ಇಳಿಯಬೇಕಲ್ಲವೆ ಎಂದು ಹೆಡ್‌ಮಾಸ್ತರು ಕಾಫಿ ಕುಡಿದು ಹೊರಟುಹೋದರು.

ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡಿದ್ದ ಪಕ್ಕದ ಮನೆಯ ಪಿಳ್ಳಮ್ಮ, ಕರೆಯದೆಯೇ ಬಜೆ ಬೇರು ತೇದುಕೊಂಡು ಬಂದರು. ಮಾತು ತಡವಾದ ಕೂಸುಗಳ ನಾಲಿಗೆಗೆ ತಿಕ್ಕುವ ಔಷಧ ಅದು. ಕೂಸಿಗೆ ಒಂದು ಬೊಟ್ಟು ಸಾಕು, ಪಂಡಿತರ ನಾಲಿಗೆ ದೊಡ್ಡದು ಎಂದು ಲೆಕ್ಕ ಹಾಕಿ ಬಟ್ಟಲು ಖಾಲಿಯಾಗುವವರೆಗೆ ತಿಕ್ಕಿದರು. ಕೋದಂಡರಾಮಯ್ಯನವರಿಗೆ ಮೊದಲು ಕಣ್ಣಲ್ಲಿ ನೀರು ಬಂತು, ಆಮೇಲೆ ನಾಲಿಗೆ ಇರುವುದೇ ತಿಳಿಯದಾಯಿತು. ಅವರು ಅದೇ ನಾಲಿಗೆ ಹೊತ್ತುಕೊಂಡು ಬಚ್ಚಪ್ಪನ ಹತ್ತಿರ ಓಡಿದರು.

"ಎಷ್ಟು ಸದ್ದು ಬೇಕು ಮೇಷ್ಟ್ರೇ?" ಎಂದ ಬಚ್ಚಪ್ಪ.

"ನಾನಾಡಿದ್ದು ನನಗೇ ಕೇಳಿಸ್ಬಾರ್ದು ಕಣಪ್ಪಾ."

"ಅಷ್ಟೇ ತಾನೆ. ನನ್ನ ಕಾಗದ ಎಲ್ಲಾ ಬರ್ಕೊಟ್ಟೋರು ನೀವು. ಇಡೀ ಬೀದಿಗೇ ಹೇಳ್ಬಿಡ್ತೀನಿ, ಹೋಗಿ."

ಬಚ್ಚಪ್ಪ ಕೊಟ್ಟ ಮಾತಿಗೆ ತಪ್ಪುವವನಲ್ಲ, ಕಷ್ಟವಾದದ್ದೇ ಅದರಿಂದ. ಪಂಡಿತರ ಕೆಲಸ ಉಳಿಸಬೇಕೆಂದು ಬೀದಿಯವರೆಲ್ಲ ಒಟ್ಟಾದರು. ನೂಲಿಲ್ಲದೆ ನಿಂತಿದ್ದ ಮಗ್ಗಕ್ಕೂ, ಮೂಲೆಗೆ ಸೇರಿದ್ದ ಮಗ್ಗಕ್ಕೂ ಎಣ್ಣೆ ಹಾಕಿದರು. ಹನ್ನೊಂದಕ್ಕೆ ಆದಿನಾರಾಯಣಪ್ಪನವರು ಕ್ಲಾಸಿನೊಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರೋ ಇಲ್ಲವೋ, ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವು. ಗೋಡೆಯ ನಕಾಶೆ ನಡುಗಿತು. ಇನ್‌ಸ್ಪೆಕ್ಟರು ಏನೋ ಕೇಳಿದರು, ಹೆಡ್‌ಮಾಸ್ತರು ಏನೋ ಹೇಳಿದರು. ಒಬ್ಬರದು ಇನ್ನೊಬ್ಬರಿಗೆ ಕೇಳಿಸಲಿಲ್ಲ.

ಕೋದಂಡರಾಮಯ್ಯನವರಿಗೆ ಹೋದ ಜೀವ ಬಂದಂತಾಯಿತು. ಹುಮ್ಮಸ್ಸಿನಿಂದ ಮೀಸೆಯ ಲಿಂಗವನ್ನೇ ಎತ್ತಿಕೊಂಡರು. ಹೇಗೂ ಕೇಳಿಸುವುದಿಲ್ಲವೆಂದು ಧಾರಾಳವಾಗಿ ಕೂಗಿ ಕೂಗಿ ಹಿಂದಿಯಲ್ಲೇ ಪಾಠ ಹೇಳತೊಡಗಿದರು.

ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರು ಅಷ್ಟು ಮಗ್ಗಗಳನ್ನು ಒಟ್ಟಿಗೆ ಯಾವತ್ತೂ ಹೊತ್ತಿರಲಿಲ್ಲ. ಅದು ಢಂ ಎಂದಿತು. ಎಲ್ಲ ಮಗ್ಗಗಳೂ ಒಂದೇ ಸಲ ನಿಂತವು. ಆ ನಿಶ್ಶಬ್ದದಲ್ಲಿ ಬಜೆ ತಿಕ್ಕಿಸಿಕೊಂಡ ನಾಲಿಗೆಯ ಹಿಂದಿಯೊಂದೇ ಬೀದಿಯುದ್ದಕ್ಕೂ ಕೇಳಿಸಿತು. ಏನಾಯಿತೆಂದು ನೇಕಾರರೆಲ್ಲ ಕ್ಲಾಸಿನ ಕಿಟಕಿಗೆ ಬಂದು ನಿಂತರು. ನಿಲ್ಲಿಸಿದರೆ ಇನ್ನೂ ಕೆಟ್ಟದೆಂದು ಪಂಡಿತರು ಗಂಟೆ ಹೊಡೆಯುವವರೆಗೆ ಪಾಠ ಮುಂದುವರಿಸಿದರು.

ಕಣ್ಣು ಮುಚ್ಚಿ ಕೇಳುತ್ತಿದ್ದ ಆದಿನಾರಾಯಣಪ್ಪ ನಿಧಾನವಾಗಿ ಎದ್ದು ಬಂದು ಅವರ ಕೈ ಹಿಡಿದುಕೊಂಡರು. "ಇಡೀ ಜಿಲ್ಲೆ ಸುತ್ತಿದ್ದೀನಿ. ನಾನು ಹುಡುಕ್ತಿದ್ದದ್ದು ಇದೇ ಉಚ್ಚಾರಣೆ," ಎಂದರು. ಆಮೇಲೆ ಮಕ್ಕಳಿಗೆ ಹಿಂದಿಯಲ್ಲಿ ನಾಲ್ಕು ಮಾತು ಹೇಳಿದರು. ಕೇಳುತ್ತಾ ಕೋದಂಡರಾಮಯ್ಯ ಬೆಚ್ಚಿದರು. ಅದು ಅಕ್ಷರ ಬಿಡದೆ ಅವರದೇ ಹಿಂದಿ. ಕಣ್ಣು ಮುಚ್ಚಿದ್ದರೆ ತಾವೇ ಮಾತಾಡುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು.

ಅಬ್ಬಾ, ಗೆದ್ದೆ ಎಂದು ಅವರು ನಿಟ್ಟುಸಿರು ಬಿಡುವಷ್ಟರಲ್ಲಿ ಇನ್‌ಸ್ಪೆಕ್ಟರು ಮುಂದಿನ ಮಾತು ಹೇಳಿದರು. ಬರುವ ತಿಂಗಳು ಕಾನ್ಪುರದಲ್ಲಿ ಹಿಂದಿ ಪಂಡಿತರ ಸಮ್ಮೇಳನವಿದೆ. ಕೋದಂಡರಾಮಯ್ಯನವರು ನಮ್ಮ ಕಡೆಯಿಂದ ಹೋಗಿ ಶುದ್ಧ ಉಚ್ಚಾರಣೆಯ ಬಗ್ಗೆ ಭಾಷಣ ಮಾಡಬೇಕು. ಭಾಷಣ ಚೆನ್ನಾಗಿತ್ತೆಂದು ಅಲ್ಲಿನವರು ಬರೆದುಕೊಟ್ಟ ದಿನವೇ ಕೆಲಸ ಕಾಯಂ. ಹೆಡ್‌ಮಾಸ್ತರು ಚಪ್ಪಾಳೆ ತಟ್ಟಿದರು. ಕಿಟಕಿಯಲ್ಲಿದ್ದ ನೇಕಾರರೂ ತಟ್ಟಿದರು.

ಕಾಫಿಗೆ ಕೂತಾಗ ಇನ್‌ಸ್ಪೆಕ್ಟರು ಒಬ್ಬರೇ ಸಿಕ್ಕರು. ಕೋದಂಡರಾಮಯ್ಯ ಅವರ ಮುಂದೆ ಕೈಮುಗಿದು ನಿಂತರು. "ಸಾರ್, ನನ್ನ ಹಿಂದಿ ಬರೆಯೋಕಷ್ಟೇ ಲಾಯಕ್ಕು. ರೇಡಿಯೊ ಕೇಳಿ ನೋಡಿ, ಅವರು ಆಡೋದೇ ಬೇರೆ. ಭಾಷಣ ಬರೆದು ಅಂಚೆಗೆ ಹಾಕ್ಬಿಡ್ತೀನಿ. ನೀವೇ ಹೋಗ್ಬನ್ನಿ."

ಆದಿನಾರಾಯಣಪ್ಪ ಬಾಗಿಲ ಕಡೆ ಒಮ್ಮೆ ನೋಡಿ ಧ್ವನಿ ಇಳಿಸಿದರು.

"ನನಗೆ ರೇಡಿಯೊ ಇಲ್ಲ ಅಂದ್ಕೊಂಡ್ರಾ? ಹೋದ ವರ್ಷ ನಾನೇ ಹೋಗಿದ್ದೆ ಕಣ್ರೀ. ಮುಕ್ಕಾಲು ಗಂಟೆ ಹಿಂದೀಲಿ ಮಾತಾಡ್ದೆ. ಮುಗಿದ್ಮೇಲೆ ಅಧ್ಯಕ್ಷರು ಎದ್ದು ಹಾರ ಹಾಕಿ, ಕನ್ನಡ ಇಷ್ಟು ಇಂಪಾದ ಭಾಷೆ ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ ಅಂದ್ರು. ನಾನೂ ಹೌದು ಅಂದ್ಬಿಟ್ಟೆ. ನೀವಾಡಿದ್ರೆ ಅದನ್ನೂ ಕನ್ನಡ ಅಂದ್ಕೋತಾರೆ. ಈ ವರ್ಷ ಸರಿಯಾಗಿ ಮಾತಾಡೋರನ್ನ ಕಳಿಸಿದ್ರೆ, ಹೋದ ವರ್ಷ ನಾನಾಡಿದ್ದು ಏನು ಅಂತ ಅವರಿಗೆ ತಿಳಿದುಹೋಗುತ್ತೆ."