ದವಡೆ ಹಲ್ಲಿನ ಸಾಕ್ಷಿ

ಅಮೃತಮ್ಮ: ಹಲ್ಲು ಅದರಷ್ಟಕ್ಕದೇ ಹುಳಕಾಗ್ತದೇನ್ರಿ? ಡಾಕ್ಟರ್ ನನ್ನ ಮುಂದೇ ಕೇಳಿದ್ರು, ‘ಯಜಮಾನ್ರು ಸಿಹಿ ಭಾಳ ತಿಂತಾರೇನಮ್ಮಾ’ ಅಂತ.

ಕಾಶಪ್ಪ: ಡಾಕ್ಟರ್ ಎಲ್ಲರಿಗೂ ಅದೇ ಕೇಳ್ತಾನ. ಜ್ವಾಳದ ರೊಟ್ಟಿ ಕಡದು ಕಡದು ಸವದು ಹೋಗ್ಯಾದ ಅದು.

ಅಮೃತಮ್ಮ: ರೊಟ್ಟಿ ನಾನೂ ಕಡೀತೀನಿ. ನನ್ನ ಹಲ್ಲು ಗಟ್ಟಿ ಅದಾವಲ್ಲ?

ಕಾಶಪ್ಪ: ದಿನಾ ನನ್ನ ಮ್ಯಾಲ ಮಸದು ಮಸದು ಗಟ್ಟಿ ಆಗ್ಯಾವ.

ಸೇಡಂನ ಕಾಶಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷ. ಇನ್ನು ಸಿಹಿ ಮುಟ್ಟುವುದಿಲ್ಲ ಎಂದು ದೇವರ ದೀಪದ ಮುಂದೆ ಆಣೆ ಮಾಡಿದ್ದಾನೆ. ಆಣೆಯ ಮರುದಿನವೇ ಬೆಳಗಿನ ವಾಕಿಂಗೂ ಶುರುವಾಗಿದೆ. ಗೆಳೆಯ ಬಂದೇಅಲಿಯ ಜೊತೆ ಕಾಗಿಣಾ ನದಿಯ ದಂಡೆಗೆಂದು ಹೊರಡುತ್ತಾನೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬಿಸಿ ಜಿಲೇಬಿ ತಿಂದು, ಬೆವರು ಒರೆಸಿಕೊಳ್ಳುತ್ತಾ ವಾಪಸು ಬರುತ್ತಾನೆ. ಸಿಕ್ಕಿಬಿದ್ದರೆ ವಾಕಿಂಗ್ ಬಂದ್ ಎಂದು ಅಮೃತಮ್ಮ ಹೇಳಿಟ್ಟಿದ್ದಾಳೆ. ವಾಕಿಂಗ್ ಹೋಯಿತೆಂದರೆ ಪಾಪ, ಆ ಜೀವಕ್ಕೆ ಉಳಿಯುವುದು ಮೆಂತೆ ನೀರು ಮಾತ್ರ. ಈಗ ನೋಡಿದರೆ, ನಿನ್ನೆ ಕಿತ್ತ ದವಡೆ ಹಲ್ಲು ಕಾಗದದ ಪೊಟ್ಟಣದಲ್ಲಿ ಅವಳ ಮುಂದೆ ಕೂತಿದೆ.

ಕಾಶಪ್ಪ: ಅದನ್ನ ಇಟ್ಟುಕೊಂಡು ಏನ್ ಮಾಡ್ತಿ? ಸಗಣಿ ಉಂಡ್ಯಾಗ ಇಟ್ಟು ಮಾಳಗಿ ಮ್ಯಾಲ ಒಗದುಬಿಡು.

ಅಮೃತಮ್ಮ: ಅದು ಮಕ್ಕಳ ಹಾಲಹಲ್ಲಿಗೆ ಮಾಡೂದು. ನಿಮಗೇನು ಹೊಸಾದು ಹುಟ್ಟೂದದ?

ಅಷ್ಟರಲ್ಲಿ ಸುಶ್ಮಿತಾ ಬಂದಳು. ಚಿತ್ತಾಪುರದ ಹುಡುಗಿ, ಮಗಳು ಭಾಗ್ಯಳ ಗೆಳತಿ, ಹೈದರಾಬಾದಿನಲ್ಲಿ ಹಳೇ ಎಲುಬು, ಹಲ್ಲುಗಳ ಮೇಲೆ ಸಂಶೋಧನೆ ಮಾಡುವವಳು. ಹೋಟೆಲು ಮುಚ್ಚಿದ್ದ ಒಂದು ದಿನ ಕಾಶಪ್ಪ ವಿಧಿಯಿಲ್ಲದೆ ನಿಜವಾಗಿಯೂ ನದಿಗೆ ಹೋಗಿದ್ದ. ಅಂದು ದಂಡೆಯ ಮಣ್ಣಿನಲ್ಲಿ ಗೀರುಗೀರಾದ ಕಲ್ಲೊಂದು ಸಿಕ್ಕಿತ್ತು. ವಾಕಿಂಗಿಗೆ ಪುರಾವೆಯಾಯಿತೆಂದು ಹೊತ್ತು ತಂದಿದ್ದ. ಅದರ ಫೋಟೊ ಭಾಗ್ಯ ಕಳಿಸಿದ್ದೇ ತಡ, ಈ ಹುಡುಗಿ ಓಡಿ ಬಂದಿದ್ದಾಳೆ.

ಸುಶ್ಮಿತಾ: ಕಾಕಾ, ಆ ಕಲ್ಲು ಎಲ್ಲದರಿ?

ಅಮೃತಮ್ಮ: ಬಚ್ಚಲದಾಗ ಅದ, ತಂಗಿ. ಹಿಮ್ಮಡ ತಿಕ್ಕಲಿಕ್ಕ ಭಾಳ ಛಲೋ ಆಗ್ಯಾದ.

ಸುಶ್ಮಿತಾ: ಅಯ್ಯಯ್ಯೋ ಕಾಕೂ! ಅದು ಆನೀ ಹಲ್ಲು! ಸಾವಿರಾರು ವರ್ಷದ್ದು, ಹಿಮಯುಗದ್ದು!

ಅಮೃತಮ್ಮ: ಹಿಮಾ? ಸೇಡಂದಾಗ? ಬ್ಯಾಸಗ್ಯಾಗ ಕೊಡದಾಗಿನ ನೀರು ಚಾ ಆಗ್ತದ ಇಲ್ಲಿ.

ಸುಶ್ಮಿತಾ: ಇಲ್ಲಿ ಬರ್ಫ ಇದ್ದಿಲ್ರಿ. ದೂರದ ದೇಶದಾಗ ಬರ್ಫ ಹರಡಿತ್ತು, ಇಲ್ಲಿ ಮಳಿ ಕಮ್ಮಿ ಆಗಿತ್ತು. ಅಡವಿ ಎಷ್ಟಿತ್ತು, ಹುಲ್ಲು ಎಷ್ಟಿತ್ತು, ನೀರು ಹ್ಯಾಂಗಿತ್ತು, ಎಲ್ಲಾ ಈ ಹಲ್ಲಿನ ಮ್ಯಾಲಿನ ಪದರದಾಗ ಉಳಿದಿರ್ತದ. ಒಂಚೂರು ಪುಡಿ ಮಷೀನಿಗೆ ಹಾಕಬೇಕು. ಇಂಗಾಲದಾಗ ಹಗುರಂದು, ಭಾರದ್ದು ಅಂತ ಎರಡು ನಮೂನಿ. ಬಯಲು ಹುಲ್ಲು ತಿಂದಿದ್ರ ಭಾರದ್ದು ಚೂರು ಜಾಸ್ತಿ, ಗಿಡದ ತಪ್ಲು ತಿಂದಿದ್ರ ಕಮ್ಮಿ.

ಅಮೃತಮ್ಮ: ಅಂದ್ರ, ಏನು ತಿಂದಾರಂತ ಹಲ್ಲೇ ಹೇಳ್ತದ?

ಸುಶ್ಮಿತಾ: ಹೇಳ್ತದ ಕಾಕೂ. ಹಲ್ಲಿಗೆ ಸುಳ್ಳು ಬರಂಗಿಲ್ಲ.

ಅಮೃತಮ್ಮ ಗಂಡನ ಮುಖ ನೋಡಿದಳು. ಗಂಡ ಗೋಡೆ ನೋಡಿದ. ಪೊಟ್ಟಣ ಸುಶ್ಮಿತಾಳ ಕೈಗೆ ಬಂತು.

ಸುಶ್ಮಿತಾ: ಇದು ಯಾವ ಪ್ರಾಣಿದ್ರಿ?

ಅಮೃತಮ್ಮ: ನಮ್ಮ ಮನೀದೇ. ಜಿಲೇಬಿ ತಿಂದದೋ ಇಲ್ಲೋ, ಅಷ್ಟು ಹೇಳು.

ಕಾಶಪ್ಪ: ಏ, ಅಂಥಾ ದೊಡ್ಡ ಮಷೀನು! ಅದನ್ನ ನನ್ನ ಹಲ್ಲಿಗೆ ಯಾಕ ಕೆಡಸ್ತಿ?

ಅಮೃತಮ್ಮ: ಆನೀ ಹಲ್ಲು ಒಯ್ಯಬೇಕಂದ್ರ ಇದನ್ನೂ ಒಯ್ಯಬೇಕು. ಇಲ್ಲಂದ್ರ ಅದು ಬಚ್ಚಲದಾಗೇ ಇರ್ಲಿ.

ಸುಶ್ಮಿತಾ: ಅದು ಕಷ್ಟ ಕಾಕೂ. ಜ್ವಾಳ, ಕಬ್ಬು ಎರಡೂ ಬಯಲು ಹುಲ್ಲಿನ ಪೈಕಿ. ರೊಟ್ಟಿ ತಿಂದ್ರೂ ಸಕ್ರಿ ತಿಂದ್ರೂ ಒಂದೇ ನಮೂನಿ ಕಾಣ್ತದ.

ಕಾಶಪ್ಪನಿಗೆ ಹೋದ ಜೀವ ಬಂದಂತಾಯಿತು.

ಕಾಶಪ್ಪ: ಕೇಳಿದೇನು? ರೊಟ್ಟಿ ಅಂದ್ರೂ ಸಕ್ರಿ ಅಂದ್ರೂ ಒಂದೇ! ಇದು ವಿಜ್ಞಾನ!

ಸುಶ್ಮಿತಾ: ಆದ್ರ ಗೋದಿ ಬ್ಯಾರೆ ಕಾಣ್ತದ.

ಅಮೃತಮ್ಮ: ಜಿಲೇಬಿ ಮಾಡೂದು ಮೈದಾದಿಂದ. ಮೈದಾ ಆಗೂದು ಗೋದಿಯಿಂದ. ಮನ್ಯಾಗಂತೂ ಗೋದಿ ಬಂದ್ ಅದ. ಈಗೇನಂತೀರಿ?

ಕಾಶಪ್ಪ: ತಂಗಿ... ತೊಗರಿ ಯಾವ ಪೈಕಿ?

ಸುಶ್ಮಿತಾ: ಗೋದಿ ನಮೂನೀನೇ ಕಾಣ್ತದ ಕಾಕಾ.

ಕಾಶಪ್ಪ: ಮತ್ತ! ಗೋದಿ ಕಂಡ್ರ ಅದು ನೀ ದಿನಾ ಮಾಡೂ ತೊಗರಿ ಬ್ಯಾಳಿ!

ಸುಶ್ಮಿತಾ: ಇರ್ರಿ, ಇರ್ರಿ. ಈ ಜಗಳಾನೇ ದಂಡ. ಹಲ್ಲಿನ ಆ ಪದರ ಕಟ್ಟೂದು ಸಣ್ಣವರಿದ್ದಾಗ. ಆಮ್ಯಾಲ ಏನು ತಿಂದ್ರೂ ಅದಕ್ಕ ಸುದ್ದೀನೇ ಇಲ್ಲ.

ಅಬ್ಬಾ! ಕಾಶಪ್ಪನ ಎದೆ ಉಬ್ಬಿದ್ದೇ ಉಬ್ಬಿದ್ದು.

ಕಾಶಪ್ಪ: ಒಯ್ಯಿ ತಂಗಿ, ಒಯ್ಯಿ! ಬೇಕಂದ್ರ ಇನ್ನೊಂದು ಕಿತ್ತು ಕೊಡ್ತೀನಿ! ಖರೇ ಮನಷ್ಯಾಗ ಯಾರ ಅಂಜಿಕಿ?

ಅಮೃತಮ್ಮ: ಹಂಗಾದ್ರ ಈಗ ತಿಂದದ್ದು ಎಲ್ಲಿ ತಿಳೀತದ, ತಂಗಿ?

ಸುಶ್ಮಿತಾ: ಕೂದಲದಾಗ ಕಾಕೂ. ಹೋದ ತಿಂಗಳುಗಳದ್ದು ಇರ್ತದ. ಅದರಾಗ ಸಾರಜನಕಾನೂ ಇರ್ತದ, ಬ್ಯಾಳಿ ಯಾವುದು, ಮೈದಾ ಯಾವುದು, ಸುಮಾರಾಗಿ ಬಿಡಿಸಬಹುದು.

ಕಾಶಪ್ಪನ ಕೈ ತಲೆಗೆ ಹೋಯಿತು. ಈ ವಯಸ್ಸಿನಲ್ಲೂ ದಟ್ಟ ಕೂದಲೆಂದು ಊರವರಿಂದೆಲ್ಲ ಹೊಗಳಿಸಿಕೊಂಡವನು. ಮೊಟ್ಟಮೊದಲ ಸಲ ಬಂದೇಅಲಿಯ ಬೋಳು ತಲೆ ನೆನೆದು ಹೊಟ್ಟೆ ಉರಿಯಿತು.

ಕಾಶಪ್ಪ: ಅರೇ, ಮರತೇಬಿಟ್ಟಿದ್ದೆ! ತಿಮ್ಮಪ್ಪಗ ಮುಡಿ ಕೊಡ್ತೀನಂತ ಹರಕಿ ಹೊತ್ತೀನಿ. ಇವತ್ತೇ ವಾಡಿಗೆ ಹೋಗಿ ತಿರುಪತಿ ರೈಲು ಹತ್ತತೀನಿ. ದೇವರ ಸೊತ್ತು, ಒಂದೆಳಿ ಸೈತ ಮುಟ್ಟಬ್ಯಾಡ್ರಿ!

ಅಮೃತಮ್ಮ: ಯಾವಾಗ ಹೊತ್ತಿರಿ?

ಕಾಶಪ್ಪ: ಈಗ... ಈಗಿತ್ಲಾಗ.

ಅಮೃತಮ್ಮ: ಹೋಗಿ ಬರ್ರಿ. ದೇವರ ಕೆಲಸಕ್ಕ ನಾ ಯಾಕ ಅಡ್ಡ ಬರ್ಲಿ? ತಂಗಿ, ಉಗುರಿನಾಗೂ ತಿಳೀತದೇನು?

ಸುಶ್ಮಿತಾ: ತಿಳೀತದ ಕಾಕೂ.

ಕಾಶಪ್ಪ ಎರಡೂ ಕೈಗಳನ್ನು ಬಗಲಲ್ಲಿ ಬಚ್ಚಿಟ್ಟುಕೊಂಡ.

ಅಮೃತಮ್ಮ: ಕೈ ಅಲ್ಲೇ ಇರ್ಲಿ, ಪರವಾಗಿಲ್ಲ. ಕಾಲು ಚಾಚ್ರಿ.