ಮುಖ್ಯ ಅತಿಥಿಗಳ ಹೆಗಲೇರಿದ ಅಳತೆ ಕಂಬಳಿ

ಮಾನ್ಯ ಸಂಚಾಲಕರಿಗೆ,
‘ಉದ್ಯಾನವೇ ಸಭಾಂಗಣ’ ಸಮ್ಮೇಳನ ಸಮಿತಿ,
ಚಿತ್ರದುರ್ಗ.

ಮಾನ್ಯರೇ,

ಮೂರು ದಿನಗಳ ಸಮ್ಮೇಳನವನ್ನು ಒಂದು ಹನಿ ಮಳೆಯಾಗಲಿ ಒಂದು ಭಿನ್ನಾಭಿಪ್ರಾಯವಾಗಲಿ ತಾಗದಂತೆ ಮುಗಿಸಿ, ನಿನ್ನೆಯಷ್ಟೇ ಹಾರ ತೆಗೆದಿಟ್ಟು ವಿಶ್ರಮಿಸುತ್ತಿರುವ ತಮಗೆ, ಹೊಳಲ್ಕೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಸೀಟಿ ಊದಿ ನಿವೃತ್ತಳಾದ ದೈಹಿಕ ಶಿಕ್ಷಕಿಯೊಬ್ಬಳ ಗೌರವಪೂರ್ವಕ ನಮಸ್ಕಾರಗಳು. ಅಭಿನಂದನೆಯಲ್ಲಿ ಕೊರತೆಯಾಗಬಾರದೆಂದು ಅದನ್ನು ಮೊದಲು ಸಲ್ಲಿಸಿ, ದೂರನ್ನು ಅದರ ಹಿಂದೆ ಕೈಕಟ್ಟಿ ನಿಲ್ಲಿಸಿದ್ದೇನೆ.

ನಗರದ ಉದ್ಯಾನಗಳನ್ನು ಸಭೆ ಸಮಾರಂಭಗಳಿಗೆ ಬಳಸಿಕೊಳ್ಳಬೇಕೆಂಬ ತಮ್ಮ ವಿಚಾರಕ್ಕೆ ನನ್ನ ವಿರೋಧವಿಲ್ಲ. ಮರದ ಕೆಳಗೆ ಕುಳಿತವರು ಗೋಡೆಗಳ ನಡುವೆ ಕುಳಿತವರಿಗಿಂತ ಚುಟುಕಾಗಿ ಮಾತನಾಡುತ್ತಾರೆಂಬ ಆಸೆಯಿಂದಲೇ ಮೊದಲ ದಿನ ಬಂದು ಹಿಂದಿನ ಸಾಲಿನಲ್ಲಿ ಕುಳಿತೆ. ನಿಜವಾದ ಹುಲ್ಲಿಗೆ ಪ್ರತಿನಿಧಿಗಳ ಬೂಟು ತಾಗಿ ನೋವಾಗಬಾರದೆಂದು ಅದರ ಮೇಲೆ ಪ್ಲಾಸ್ಟಿಕ್ ಹುಲ್ಲು ಹಾಸಿದ ತಮ್ಮ ಕರುಣೆಯನ್ನೂ, ಗಾಳಿಯಿಂದಲೇ ವಿದ್ಯುತ್ ತೆಗೆಯುವ ಈ ಸೀಮೆಯಲ್ಲಿ ಗಾಳಿ ಒಳಬರದಂತೆ ಡೇರೆ ಕಟ್ಟಿ ಅದರೊಳಗೆ ಎ.ಸಿ. ಇರಿಸಿದ ತಮ್ಮ ಮುಂದಾಲೋಚನೆಯನ್ನೂ ಕಣ್ತುಂಬ ನೋಡಿದೆ. ‘ಯುವಜನರನ್ನು ಉದ್ಯಾನದತ್ತ ಸೆಳೆಯುವುದು ಹೇಗೆ’ ಎಂಬ ಗೋಷ್ಠಿ ಎರಡು ಗಂಟೆ ನಡೆಯಿತು. ಆ ಎರಡು ಗಂಟೆಯೂ ಹನ್ನೊಂದು ಮಂದಿ ಯುವಜನರು ಟ್ರ್ಯಾಕ್ ಪ್ಯಾಂಟು ತೊಟ್ಟು ಉದ್ಯಾನದ ಗೇಟಿನ ಹೊರಗೆ ನಿಂತಿದ್ದರು. ಸೆಳೆತ ಅವರಲ್ಲಿ ಧಾರಾಳವಾಗಿತ್ತು. ಪ್ರತಿನಿಧಿಗಳು ಒಳಬಂದೊಡನೆ ಗೇಟಿಗೆ ಬೀಗ ಬಿದ್ದಿತ್ತು.

ಆ ಹನ್ನೊಂದು ಮಂದಿ ನನ್ನ ಮಕ್ಕಳು. ನಾನು ಹೆತ್ತವರಲ್ಲ, ಓಡಿಸಿದವರು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಗಾಗಿ ದಿನವೂ ಬೆಳಿಗ್ಗೆ ಐದೂವರೆಗೆ ಅದೇ ಉದ್ಯಾನದಲ್ಲಿ ಸೇರುತ್ತಾರೆ. ಪರೀಕ್ಷೆ ಬರುವ ಸೋಮವಾರ. ಅವರಲ್ಲಿ ಮದಕರಿಪುರದ ಅಂಜಲಿ ಎಂಬವಳು ಲಿಖಿತ ಪರೀಕ್ಷೆ ಗೆದ್ದಿದ್ದಾಳೆ, ಓಟದಲ್ಲಿ ಹುಡುಗರ ಬೆವರಿಳಿಸುತ್ತಾಳೆ, ಗುಂಡನ್ನು ಬೇಕಾದುದಕ್ಕಿಂತ ಒಂದು ಮೊಳ ಹೆಚ್ಚೇ ಎಸೆಯುತ್ತಾಳೆ. ಉಳಿದಿರುವುದು ಉದ್ದಜಿಗಿತ ಒಂದೇ. ಎರಡೂವರೆ ಮೀಟರ್ ದಾಟಬೇಕು. ವಯೋಮಿತಿಯ ಲೆಕ್ಕದಲ್ಲಿ ಅವಳಿಗೆ ಇದು ಕಡೆಯ ಅವಕಾಶ.

ಇಲ್ಲಿ ನಮ್ಮ ಅಳತೆಯ ಕ್ರಮವನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಮೊದಲ ವಾರ ಟೇಪು ಹಿಡಿದೆವು. ಟೇಪಿನ ಅಂಕಿ ಕಂಡೊಡನೆ ಅಂಜಲಿ ಓಡುತ್ತ ಬಂದು, ಕಾಲೂರಿ ಜಿಗಿಯಬೇಕಾದ ಪಟ್ಟಿಯ ಮೇಲೆಯೇ ನಿಂತುಬಿಡುತ್ತಿದ್ದಳು. ಆಗ ಜೊತೆಯ ಹುಡುಗ ದುರುಗೇಶ್, “ಅಂಕಿ ಕಂಡ್ರೆ ಹೆದರ್ತಾಳೆ ಮಿಸ್, ಮನೇದು ಏನಾರ ಹಾಸಾಣ” ಎಂದ. ಕುರಿ ಕಾಯುವ ಅವಳ ತಂದೆ ಚಿತ್ರಲಿಂಗಪ್ಪನವರು ತಮ್ಮ ಹೆಗಲ ಮೇಲಿದ್ದ ಕಂಬಳಿಯನ್ನೇ ತೆಗೆದುಕೊಟ್ಟರು. ಅದನ್ನು ಪಟ್ಟಿಯ ನೇರದಿಂದ ಮರಳುಗುಂಡಿಯ ಪಕ್ಕದಲ್ಲಿ ಉದ್ದಕ್ಕೆ ಹಾಸಿದೆವು. ಪ್ರತಿ ಭಾನುವಾರ ಅವಳು ಎಲ್ಲಿಗೆ ಬಂದು ಬೀಳುತ್ತಾಳೋ ಆ ನೇರಕ್ಕೆ ಕಂಬಳಿಯ ಮೇಲೆ ಸುಣ್ಣದ ಗುರುತು ಮಾಡುವುದು, ಸಂಜೆ ಅವಳ ತಾಯಿ ಏಕನಾಥಮ್ಮ ಆ ಗುರುತಿನ ಮೇಲೆ ಕೆಂಪು ದಾರದ ಒಂದು ಹೊಲಿಗೆ ಹಾಕುವುದು. ಹದಿನಾಲ್ಕು ಭಾನುವಾರ, ಹದಿನಾಲ್ಕು ದಾರ. ಕಡೆಯ ದಾರ ಕಂಬಳಿಯ ಅಂಚಿಗೇ ಬಂದಿದೆ. ಎಂಟು ಅಡಿಯ ಆ ಕಂಬಳಿ ಎರಡೂವರೆ ಮೀಟರಿಗೆ ನಾಲ್ಕು ಬೆರಳು ಸಾಲದು. ಅಂಜಲಿಗೆ ಬೇಕಾಗಿರುವುದು ಆ ನಾಲ್ಕು ಬೆರಳು, ಮಾನ್ಯರೇ. ತಮ್ಮ ವೇದಿಕೆಯ ಮೇಲಿನ ಹೂಕುಂಡಕ್ಕೂ ಅದಕ್ಕಿಂತ ಹೆಚ್ಚು ಜಾಗ ಸಿಕ್ಕಿತ್ತು.

ಮರಳುಗುಂಡಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಹುಡುಗರು ಜರಡಿ ಹಿಡಿದು ತುಂಬಿಸಿದ ಆ ಮರಳು ಎರಡನೆಯ ದಿನ ‘ಧ್ಯಾನದಂಗಳ’ ಎಂಬ ಫಲಕ ಹೊತ್ತು ನಿಂತಿತ್ತು. ನಡುವೆ ಮೂರು ನುಣುಪು ಕಲ್ಲು, ಸುತ್ತ ಸುರುಳಿ ಸುರುಳಿ ಗೀರು, ಅದರಲ್ಲಿ ಬೂಟು ಬಿಚ್ಚಿ ಕಣ್ಣು ಮುಚ್ಚಿ ಕುಳಿತ ಏಳು ಮಂದಿ ಪ್ರತಿನಿಧಿಗಳು. ಗೇಟಿನ ಸರಳಿನಿಂದ ಇಣುಕಿದ ದುರುಗೇಶ್, “ಮಿಸ್, ಇವ್ರೆಲ್ಲ ಜಂಪ್ ಮಾಡಿ ಬಿದ್ದು ಏಳಾಕಾಗ್ದೆ ಹಂಗೇ ಕುಂತವ್ರೆ ನೋಡ್ರಿ” ಎಂದಾಗ ಅವನನ್ನು ಗದರಿಸಬೇಕಾದ ನಾನು ಮುಖ ತಿರುಗಿಸಿಕೊಂಡು ನಕ್ಕೆನೆಂದು ತಪ್ಪೊಪ್ಪಿಕೊಳ್ಳುತ್ತೇನೆ. ಈ ಅಂಗಳವನ್ನು ರೂಪಿಸಿದವನು ತಮ್ಮ ಸಮಾರಂಭದ ವ್ಯವಸ್ಥೆ ವಹಿಸಿಕೊಂಡ ಕಿರಣ್‌ಕುಮಾರ್, ರಾಮಗಿರಿಯ ಹುಡುಗ, ಇದು ಅವನ ಮೊದಲ ಕೆಲಸ. “ನಾಯಿ ಮಲಗೋ ಜಾಗ ಅನ್ಕಂಡಿದ್ದೆ ಮೇಡಂ, ಚಂದ ಮಾಡಾಣ ಅಂತ ಮಾಡ್ದೆ” ಎಂದ. ಗೀರುಗಳನ್ನು ಅವನು ಬಹಳ ನೀಟಾಗಿ ಎಳೆದಿದ್ದ. ಹುಡುಗರು ಶ್ರದ್ಧೆಯಿಂದ ಮಾಡಿದ ತಪ್ಪಿಗೆ ಬೈಯುವ ವಿದ್ಯೆಯನ್ನು ನಾನು ಇನ್ನೂ ಕಲಿತಿಲ್ಲವಾದ್ದರಿಂದ ಆ ಬೈಗುಳವನ್ನು ತಮ್ಮ ಹೆಸರಿಗೆ ಮೀಸಲಿಟ್ಟಿದ್ದೇನೆ.

ಆದರೆ ತಮ್ಮ ನಿಜವಾದ ಸಾಧನೆ ಮೂರನೆಯ ದಿನದ್ದು. ಸಮಾರೋಪದಲ್ಲಿ ಮುಖ್ಯ ಅತಿಥಿಗಳಿಗೆ ಕಂಬಳಿ ಹೊದಿಸಿ ಸನ್ಮಾನಿಸುವುದೆಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿತ್ತು. ಚಳ್ಳಕೆರೆಯಿಂದ ಬರಬೇಕಾಗಿದ್ದ ಹೊಸ ಕಂಬಳಿ ಬರಲಿಲ್ಲ. ಕಿರಣ್‌ಕುಮಾರ್ ಉದ್ಯಾನವೆಲ್ಲ ಓಡಾಡಿ, ಕಾವಲುಗಾರ ತಿಪ್ಪಯ್ಯನವರ ಕೋಣೆಯಲ್ಲಿ ನಾವು ಮಡಿಸಿಟ್ಟಿದ್ದ ಅಳತೆ ಕಂಬಳಿಯನ್ನು ಕಂಡ. ತಿಪ್ಪಯ್ಯನವರು ಕೊಟ್ಟುಬಿಟ್ಟರು. ಯಾಕೆ ಕೊಟ್ಟಿರಿ ಎಂದರೆ, “ಸನ್ಮಾನ ಆದಮ್ಯಾಲೆ ಕುರ್ಚಿ ವಾಪಸ್ ಎತ್ತಲ್ವಾ ಮೇಡಮ್ಮಾರೇ, ಕಂಬ್ಳಿನೂ ಹಂಗೇ ಎತ್ಕಂಡ್ ಬರ್ತಾರೆ ಅನ್ಕಂಡೆ” ಎನ್ನುತ್ತಾರೆ. ಸನ್ಮಾನವೆಂದರೆ ವಾಪಸು ಕೊಡಬೇಕಾದ ಎರವಲು ಎಂದು ಈ ಜಿಲ್ಲೆಯಲ್ಲಿ ನಂಬಿರುವವರು ಅವರೊಬ್ಬರೇ ಇರಬೇಕು. ಮುಖ್ಯ ಅತಿಥಿಗಳು ಹೆಗಲ ಮೇಲಿನ ಹದಿನಾಲ್ಕು ಕೆಂಪು ದಾರಗಳನ್ನು ಸವರುತ್ತ, ಇದು ನೂರಾರು ವರ್ಷಗಳ ಬುಡಕಟ್ಟು ವಿನ್ಯಾಸವೆಂದೂ ಪ್ರತಿ ಗೆರೆಯೂ ಒಂದು ತಲೆಮಾರಿನ ಕಥೆಯೆಂದೂ ಹದಿನೆಂಟು ನಿಮಿಷ ಮಾತನಾಡಿ, ಚಪ್ಪಾಳೆಗಳ ನಡುವೆ ಅದನ್ನು ಹೊದ್ದುಕೊಂಡೇ ಕಾರು ಹತ್ತಿ ಬೆಂಗಳೂರಿಗೆ ಹೊರಟುಹೋದರು. ದೂರವಾಣಿ ಮಾಡಿ ವಿಚಾರಿಸಲಾಗಿ, ಗಾಜಿನ ಚೌಕಟ್ಟು ಹಾಕಿಸಲು ಕೊಟ್ಟಾಗಿದೆ ಎಂದು ಅವರ ಆಪ್ತ ಸಹಾಯಕರು ಹೆಮ್ಮೆಯಿಂದ ತಿಳಿಸಿದರು.

ಚಿತ್ರಲಿಂಗಪ್ಪನವರಿಗೆ ಸಿಟ್ಟಿಲ್ಲ. “ಹೋಗ್ಲಿ ಬಿಡ್ರಿ ಮೇಡಮ್ಮಾರೇ, ನನ್ ಹೆಗಲ ಮ್ಯಾಲಿದ್ರೆ ಕುರಿ ಹಿಂದೆ ತಿರುಗ್ತಿತ್ತು, ಈಗ ಕಾರಲ್ಲಿ ತಿರುಗ್ತೈತೆ” ಎಂದು ನಕ್ಕು, ಗೊಬ್ಬರದ ಚೀಲವನ್ನು ತಲೆಗೆ ಕೊಪ್ಪೆ ಮಾಡಿಕೊಂಡು ಮಂದೆಯ ಹಿಂದೆ ಹೋದರು. ನಗದೆ ಇರುವವಳು ಅಂಜಲಿ. ಇಂದು ಬೆಳಿಗ್ಗೆ ಗೇಟಿನ ಹೊರಗೆ ರಸ್ತೆಯಂಚಿನ ಮಣ್ಣಿನಲ್ಲಿ ಮೂರು ಸಲ ಓಡಿ ಬಂದು ಮೂರು ಸಲವೂ ಜಿಗಿಯದೆ ನಿಂತಳು. “ನಿನ್ನೆ ಎಲ್ಲಿಗ್ ಬಿದ್ದಿದ್ದೆ ಅಂತ ಕಾಣ್ದಿದ್ರೆ, ಇವತ್ತು ಎಲ್ಲಿಗೆ ಅಂತ ಜಿಗೀಲಿ ಮಿಸ್?” ಎಂದು ಕೇಳಿದಳು. ಆ ಪ್ರಶ್ನೆಯನ್ನು ತಮ್ಮ ಮುಂದಿಡಲೆಂದೇ ಮನೆಗೆ ಬಂದು ಕಾಗದ ತೆಗೆದುಕೊಂಡೆ.

ಆದ್ದರಿಂದ ವಿನಮ್ರ ಕೋರಿಕೆ. ಕಂಬಳಿಯನ್ನು ಚೌಕಟ್ಟಿನಿಂದ ಬಿಡಿಸಿ ಶನಿವಾರ ಬೆಳಗಿನೊಳಗೆ ತಲುಪಿಸಬೇಕು. ಸನ್ಮಾನವನ್ನು ಹಿಂಪಡೆಯುವುದು ಶಿಷ್ಟಾಚಾರವಲ್ಲವೆಂದಾದರೆ ಅತಿಥಿಗಳನ್ನು ಕಂಬಳಿಸಮೇತ ಕರೆತಂದು, ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಗುಂಡಿಯ ಪಕ್ಕದಲ್ಲಿ ತಲೆ ಪೂರ್ವಕ್ಕಿಟ್ಟು ನೇರವಾಗಿ ಮಲಗಿಸಬಹುದು. ಅವರು ಮಾತನಾಡಬೇಕಾಗಿಲ್ಲ, ಕಂಬಳಿ ಸುಕ್ಕಾಗದಂತೆ ನೋಡಿಕೊಂಡರೆ ಸಾಕು. ಅದೂ ಆಗದಿದ್ದಲ್ಲಿ ತಮ್ಮ ಸಮಿತಿಯು ಮೇಲಿನವರಿಗೆ ಬರೆದು, ಎರಡೂವರೆ ಮೀಟರನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸುವಂತೆ ಒಂದು ನಿರ್ಣಯ ಅಂಗೀಕರಿಸಬಹುದು. ಮೂರು ದಿನದಲ್ಲಿ ನಲವತ್ತೊಂದು ನಿರ್ಣಯ ಅಂಗೀಕರಿಸಿದ ತಮಗೆ ನಲವತ್ತೆರಡನೆಯದು ಭಾರವಾಗಲಾರದು. ಧ್ಯಾನದ ಭಾರಕ್ಕೆ ಗಟ್ಟಿಯಾಗಿರುವ ಮರಳನ್ನು ಅಗೆಯಲು ತಾವು ಬರಬೇಕಾಗಿಲ್ಲ. ಕಿರಣ್‌ಕುಮಾರ್ ತಾನೇ ಸನಿಕೆ ತರುತ್ತೇನೆಂದು ಒಪ್ಪಿದ್ದಾನೆ, ಬೀಗ ತೆರೆಸಿದರೆ ಸಾಕು.

ಇಷ್ಟಾದರೂ ಮುಂದಿನ ವರ್ಷವೂ ತಾವು ಉದ್ಯಾನದಲ್ಲೇ ಸೇರಬೇಕೆಂಬುದು ನನ್ನ ಮನಃಪೂರ್ವಕ ಆಸೆ, ಇದರಲ್ಲಿ ವ್ಯಂಗ್ಯವಿಲ್ಲ. ಒಂದೇ ಒಂದು ತಿದ್ದುಪಡಿ: ಡೇರೆ ಕಟ್ಟುವ ಮುನ್ನ ಒಂದು ದಿನ ಬೆಳಿಗ್ಗೆ ಐದೂವರೆಗೆ ಬಂದು, ಅಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ನೋಡಿ. ಈ ಹುಡುಗರು ತಮ್ಮ ಪ್ರತಿನಿಧಿಗಳನ್ನು ಎರಡು ಸುತ್ತು ಓಡಿಸಿಯಾರು. ಅಷ್ಟಾದ ಮೇಲೆ ಭಾಷಣಗಳು ತಾವಾಗಿಯೇ ಚಿಕ್ಕವಾಗುತ್ತವೆ.

ಬೀಗದ ಕೈ ಯಾರ ಬಳಿಯಿದೆಯೆಂದು ಬಲ್ಲ
ತಮ್ಮ ವಿಶ್ವಾಸಿ,
ಅನುಸೂಯ
ನಿವೃತ್ತ ದೈಹಿಕ ಶಿಕ್ಷಕಿ

ಮರೆತ ಮಾತು: ದೊಡ್ಡ ಸಮಾರಂಭಗಳಿಗೆ ಬಂದೋಬಸ್ತಿಗೆ ಹೊಸ ಕಾನ್‌ಸ್ಟೆಬಲ್‌ಗಳನ್ನೇ ಹಾಕುತ್ತಾರೆಂದು ಕೇಳಿದ್ದೇನೆ. ಸೋಮವಾರ ಅಂಜಲಿ ಆ ನಾಲ್ಕು ಬೆರಳು ದಾಟಿದಳೆಂದರೆ, ಮುಂದೊಂದು ಸಮ್ಮೇಳನದಲ್ಲಿ ತಮ್ಮ ಕಾರು ಎಲ್ಲಿ ನಿಲ್ಲಬೇಕೆಂದು ಕೈತೋರಿಸುವವಳು ಅವಳೇ ಆದಾಳು. ಭಯ ಬೇಡ, ವಿನಯವನ್ನು ಕಲಿಸಿದ್ದೇನೆ. ಆದರೆ ಅವಳಿಗೆ ಗೊತ್ತಿರುವುದನ್ನೆಲ್ಲ ನಾನೇ ಕಲಿಸಿದ್ದಲ್ಲ, ಮೂರು ದಿನ ಗೇಟಿನ ಹೊರಗೆ ನಿಂತು ಕಲಿತದ್ದೂ ಇದೆ.